ಕಾಗದದ ಚುಕ್ಕೆಯಲ್ಲಿ ಪ್ಲಾಸ್ಮಿಡ್: ಎರಡು ಐಜೆಮ್ ತಂಡಗಳು ಕೂಡಿ ಕೆಲಸ ಮಾಡುವಾಗ

ಐಜೆಮ್ ಎಂದರೆ ಜೀನುಗಳನ್ನು ಹೊಸದಾಗಿ ಜೋಡಿಸುವ ಸಂಶ್ಲೇಷಿತ ಜೀವಶಾಸ್ತ್ರದಲ್ಲಿ ವಿದ್ಯಾರ್ಥಿ ತಂಡಗಳ ಸ್ಪರ್ಧೆ. ತಂಡಗಳು ತಮ್ಮ ಕೆಲಸ ದಾಖಲಿಸುವ ಜಾಲಪುಟಗಳಲ್ಲಿ ‘ಸಹಯೋಗ’ ಎಂಬ ತಲೆಬರಹದ ಕೆಳಗೆ ಸಾಮಾನ್ಯವಾಗಿ ಸಿಗುವುದು ವಿಡಿಯೊ ಕರೆಯ ಒಂದು ಸ್ಕ್ರೀನ್‌ಶಾಟ್, ಒಬ್ಬರ ಪ್ರಶ್ನಾವಳಿಯನ್ನು ಇನ್ನೊಬ್ಬರು ತುಂಬಿಕೊಟ್ಟ ಲೆಕ್ಕ, ಎರಡು ತಂಡಗಳ ಲಾಂಛನ ಅಕ್ಕಪಕ್ಕ ಇರುವ ಪೋಸ್ಟರ್. ಕೆಲವು ವರ್ಷ ಪದಕದ ಷರತ್ತುಗಳಲ್ಲೇ ಸಹಯೋಗವೂ ಸೇರಿತ್ತು. ಷರತ್ತು ಇದ್ದ ಕಡೆ ಷರತ್ತು ತುಂಬುವಷ್ಟು ಕೆಲಸ ಹುಟ್ಟಿಕೊಳ್ಳುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ನಾನು ಕೇಳುವ ಪ್ರಶ್ನೆ ಒಂದೇ: ಆ ತಂಡ ಇಲ್ಲದೇ ಹೋಗಿದ್ದರೆ ಈ ತಂಡದ ಯಾವ ಅಂಕಿ ಬೇರೆಯಾಗಿರುತ್ತಿತ್ತು? ಯಾವುದೂ ಇಲ್ಲ ಎಂದಾದರೆ ಅದನ್ನು ಪರಿಚಯ ಎಂದು ಕರೆದರೆ ಸಾಕು.

ಅಂಕಿಯನ್ನೇ ಅಲುಗಾಡಿಸುವ ಸಹಯೋಗಕ್ಕೆ ಸರಳವಾದ ದಾರಿಯಿದೆ. ಒಂದು ಲ್ಯಾಬಿನ ಪ್ಲಾಸ್ಮಿಡ್, ಅಂದರೆ ಬ್ಯಾಕ್ಟೀರಿಯಾ ಹೊರುವ ಪುಟ್ಟ ಡಿಎನ್‌ಎ ಬಳೆ, ಇನ್ನೊಂದು ಲ್ಯಾಬಿಗೆ ಹೋಗಬೇಕು, ಅದನ್ನು ಕಟ್ಟದೇ ಇದ್ದವರು ಅದನ್ನು ಬೆಳೆಸಿ ಅಳೆಯಬೇಕು, ಬಂದ ಅಂಕಿಯನ್ನು ಎರಡೂ ಕಡೆ ಒಂದೇ ಕೋಷ್ಟಕದಲ್ಲಿ ಇಟ್ಟು ನೋಡಬೇಕು. ಹೇಳಲು ಒಂದು ಸಾಲು, ಮಾಡಲು ಒಂದೆರಡು ತಿಂಗಳು. ಎಲ್ಲೆಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ಐಜೆಮ್ ಶುರುವಾದದ್ದು 2003ರ ಜನವರಿಯಲ್ಲಿ, ಎಂಐಟಿಯ ಒಂದು ಕಿರು ಕೋರ್ಸಾಗಿ. 2004ರಲ್ಲಿ ಐದು ತಂಡಗಳು ಸೇರಿ ಸ್ಪರ್ಧೆಯಾಯಿತು, 2012ರಲ್ಲಿ ಎಂಐಟಿಯಿಂದ ಬೇರೆಯಾಯಿತು, 2022ರಿಂದ ವರ್ಷದ ಸಮಾವೇಶ ಪ್ಯಾರಿಸಿನಲ್ಲಿ. ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್ 2006ರಲ್ಲೇ ತಂಡ ಕಳಿಸಿತ್ತು. 2009ರಲ್ಲಿ ಸೃಷ್ಟಿ ಕಲಾಶಾಲೆಯ ತಂಡ ಜಿಯೋಸ್ಮಿನ್ ಹೊರಸೂಸುವ ಇ. ಕೋಲಿ ಬ್ಯಾಕ್ಟೀರಿಯಾದ ಯೋಜನೆ ಹಿಡಿದು ಹೋಗಿತ್ತು; ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯ ಹಿಂದಿರುವ ವಸ್ತುವೇ ಜಿಯೋಸ್ಮಿನ್.

ಸಹಯೋಗದ ಒಳ್ಳೆಯ ಮಾದರಿ ಆ ಮೊದಲ ಸ್ಪರ್ಧೆಯ ವರ್ಷದಲ್ಲೇ ಸಿಗುತ್ತದೆ. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ವಿದ್ಯಾರ್ಥಿಗಳಿಗೆ ಬ್ಯಾಕ್ಟೀರಿಯಾದ ಹಾಸಿನ ಮೇಲೆ ಚಿತ್ರ ಮೂಡಿಸಬೇಕಿತ್ತು, ಅದಕ್ಕೆ ಬೆಳಕು ಗುರುತಿಸುವ ಪ್ರೊಟೀನು ಬೇಕಿತ್ತು. ಇ. ಕೋಲಿಗೆ ಕಣ್ಣಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗುಂಪಿನ ಬಳಿ ಸಯನೋಬ್ಯಾಕ್ಟೀರಿಯಾದ ಬೆಳಕುಗ್ರಾಹಿಯನ್ನು ಇ. ಕೋಲಿಯ ಎನ್ವ್‌ಜ಼ಡ್ ಪ್ರೊಟೀನಿಗೆ ಬೆಸೆದ ಸಂವೇದಕ ಇತ್ತು. ಕತ್ತಲಲ್ಲಿ ಅದು ಲ್ಯಾಕ್‌ಜ಼ಡ್ ಜೀನನ್ನು ಹಚ್ಚುತ್ತದೆ, ಬೆಳೆಸುವ ಮಾಧ್ಯಮದಲ್ಲಿರುವ ಎಸ್-ಗ್ಯಾಲ್ ಎಂಬ ರಾಸಾಯನಿಕ ಕಪ್ಪಾಗುತ್ತದೆ. ಕೆಂಪು ಬೆಳಕು ಬಿದ್ದ ಕಡೆ ಜೀನು ಆರಿ ಜಾಗ ತಿಳಿಯಾಗಿ ಉಳಿಯುತ್ತದೆ. ಎರಡೂ ಅರ್ಧ ಸೇರಿ 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಲೇಖನವಾಯಿತು. ಇಲ್ಲಿ ಗಮನಿಸಬೇಕಾದದ್ದು ಹಂಚಿಕೆಯ ಬಗೆ. ಒಂದು ಕಡೆ ಸಂವೇದಕ, ಇನ್ನೊಂದು ಕಡೆ ಅದು ಉತ್ತರಿಸಬೇಕಾದ ಪ್ರಶ್ನೆ. ಒಂದರ ಕೊನೆಗೆ ಇನ್ನೊಂದರ ಮೊದಲು ತಗಲುವಂತೆ ಇದ್ದರೆ ಮಾತ್ರ ಹೀಗೆ ಕೂಡುತ್ತದೆ. ಇಬ್ಬರೂ ಒಂದೇ ವಿಷಯದ ಮೇಲೆ ಕೆಲಸ ಮಾಡುತ್ತಿದ್ದಾರೆ ಎಂಬ ಕಾರಣಕ್ಕೆ ಜೋಡಿಯಾದರೆ ಅಂಥ ಕೊಂಡಿ ತಾನಾಗಿ ಬರುವುದಿಲ್ಲ.

ಹಾಗಾಗಿ ಜೊತೆಗಾರರನ್ನು ಹುಡುಕುವಾಗ ವಿಷಯಕ್ಕಿಂತ ಮೊದಲು ನೋಡಬೇಕಾದದ್ದು ಬೇರೆ: ಯಾವ ಜೀವಿಯಲ್ಲಿ ಕೆಲಸ, ಯಾವ ಜೋಡಣೆ ಪದ್ಧತಿ, ಹೊಳಪು ಅಳೆಯುವ ಪ್ಲೇಟ್ ರೀಡರ್ ಯಂತ್ರ ಇದೆಯೇ, ಯಾವ ವಾರಗಳಲ್ಲಿ ಬೆಂಚಿನ ಮುಂದೆ ಜನ ಇರುತ್ತಾರೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಯುರೋಪಿನ ತಂಡಗಳಿಗೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ರಜೆ, ಲ್ಯಾಬು ತುಂಬಿರುತ್ತದೆ. ನಮ್ಮಲ್ಲಿ ಹೆಚ್ಚಿನ ಕಡೆ ಆಗಸ್ಟ್ ಹೊತ್ತಿಗೆ ಸೆಮಿಸ್ಟರ್ ಹಿಡಿದುಕೊಂಡಿರುತ್ತದೆ, ಅದರ ಬೆನ್ನಿಗೇ ಇಂಟರ್ನಲ್ಸ್. ಬಾಸ್ಟನ್ನಿನವರೊಡನೆ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಅಂತರ, ಪ್ಯಾರಿಸಿನವರೊಡನೆ ಮೂರೂವರೆ. ಪ್ಲಾಸ್ಮಿಡ್ ಜೂನ್ ಕೊನೆಗೆ ಹೊರಡದಿದ್ದರೆ ಅಕ್ಟೋಬರ್‌ನಲ್ಲಿ ಪುಟ ಮುಚ್ಚುವ ಹೊತ್ತಿಗೆ ಎರಡನೇ ಸುತ್ತಿನ ಅಳತೆಗೆ ಸಮಯ ಉಳಿಯುವುದಿಲ್ಲ. ಮೊದಲ ಸುತ್ತು ಸಾಮಾನ್ಯವಾಗಿ ಕೆಡುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳಿ.

ತುದಿಗಳು ಕೂಡುತ್ತವೆಯೇ?

ಡಿಎನ್‌ಎ ತುಣುಕುಗಳನ್ನು ಕೂಡಿಸಲು ಟಾಮ್ ನೈಟ್ 2003ರಲ್ಲಿ ಮುಂದಿಟ್ಟ ಬಯೋಬ್ರಿಕ್ ಪದ್ಧತಿ, ಅಂದರೆ ಆರ್‌ಎಫ್‌ಸಿ 10, ಈಗಲೂ ಬಹಳ ಪ್ಲಾಸ್ಮಿಡ್‌ಗಳಲ್ಲಿದೆ. ತುಣುಕಿನ ಮುಂದೆ ಡಿಎನ್‌ಎ ಕತ್ತರಿಸುವ ಕಿಣ್ವಗಳ ಗುರುತುಗಳು: ಇಕೋಆರ್‌ಐ, ನಾಟ್‌ಐ, ಎಕ್ಸ್‌ಬಿಎಐ. ಹಿಂದೆ ಸ್ಪೆಐ, ನಾಟ್‌ಐ, ಪಿಎಸ್‌ಟಿಐ. ಮುಂದಿನ ತುಣುಕನ್ನು ಇಕೋಆರ್‌ಐ ಮತ್ತು ಸ್ಪೆಐ ಇಂದ, ಹಿಂದಿನದನ್ನು ಎಕ್ಸ್‌ಬಿಎಐ ಮತ್ತು ಪಿಎಸ್‌ಟಿಐ ಇಂದ ಕತ್ತರಿಸಿ ಕೂಡಿಸುತ್ತಾರೆ. ಎಕ್ಸ್‌ಬಿಎಐ ತುದಿ ಸ್ಪೆಐ ತುದಿಗೆ ಅಂಟುತ್ತದೆ, ಅಂಟಿದ ಮೇಲೆ ಎರಡೂ ಕಿಣ್ವ ಆ ಜಾಗವನ್ನು ಮತ್ತೆ ಕತ್ತರಿಸಲಾರವು. ಉಳಿಯುವ ಗಾಯದ ಗುರುತು 8 ಅಕ್ಷರ: ಟಿಎಸಿಟಿಎಜಿಎಜಿ. ಇದರಲ್ಲಿ ‘ಟಿಎಜಿ’ ಇದೆ, ಅದು ನಿಲುಗಡೆ ಸಂಕೇತ. ಸಾಲದ್ದಕ್ಕೆ 8 ಅಕ್ಷರ ಮೂರರಿಂದ ಭಾಗವಾಗುವುದಿಲ್ಲ, ಓದುವ ಚೌಕಟ್ಟೇ ಜಾರುತ್ತದೆ. ಹಾಗಾಗಿ ಒಬ್ಬರ ಪ್ರೊಟೀನಿನ ಬಾಲಕ್ಕೆ ಇನ್ನೊಬ್ಬರ ಜಿಎಫ್‌ಪಿ (ಹಸಿರು ಹೊಳೆಯುವ ಪ್ರೊಟೀನು) ಅಂಟಿಸುವ ಯೋಜನೆಯನ್ನು ಈ ಪದ್ಧತಿಯಲ್ಲಿ ಮಾಡಲಾಗದು. ಪ್ರೊಮೋಟರ್ (ಜೀನನ್ನು ಹಚ್ಚುವ ತುಣುಕು), ರೈಬೋಸೋಮ್ ಕೂರುವ ಜಾಗ, ಜೀನು ಹೀಗೆ ಬಿಡಿ ತುಣುಕುಗಳಿಗೆ ಮಾತ್ರ ಅದು ಸರಿ.

ಹೊಸ ತಂಡಗಳು ಹೆಚ್ಚಾಗಿ ಟೈಪ್ ಐಐಎಸ್ ಕಿಣ್ವಗಳಿಗೆ, ಮುಖ್ಯವಾಗಿ ಬಿಎಸ್‌ಎಐಗೆ ಹೋಗಿವೆ. ಇಲ್ಲಿ ಮೋಸ ಮಾಡುವುದು ಹೆಸರು. ಇಬ್ಬರೂ ‘ನಾವು ಮೋಕ್ಲೋ ಬಳಸುತ್ತೇವೆ’ ಎನ್ನುತ್ತಾರೆ, ಅದು ಈ ಕಿಣ್ವಗಳಿಂದ ಜೋಡಿಸುವ ಪದ್ಧತಿ; ತುದಿಗಳು ಮಾತ್ರ ಬೇರೆ. ಐಜೆಮ್ ಒಪ್ಪಿದ ಕ್ರಮದಲ್ಲಿ ಜೀನಿನ ತುಣುಕು ಎಎಟಿಜಿಯಿಂದ ಶುರುವಾಗಿ ಜಿಸಿಟಿಟಿಗೆ ಮುಗಿಯುತ್ತದೆ. ಬಾಸ್ಟನ್ ವಿಶ್ವವಿದ್ಯಾಲಯದಿಂದ ಬಂದ ಸೈಡಾರ್ ಮೋಕ್ಲೋದಲ್ಲಿ ಅದೇ ಜೀನು ಎಎಟಿಜಿಯಿಂದ ಶುರುವಾಗಿ ಎಜಿಜಿಟಿಗೆ ಮುಗಿಯುತ್ತದೆ. ಪ್ರೊಮೋಟರ್ ಕೂಡುತ್ತದೆ, ರೈಬೋಸೋಮ್ ಜಾಗ ಕೂಡುತ್ತದೆ, ಜೀನಿನ ಓದನ್ನು ನಿಲ್ಲಿಸುವ ಟರ್ಮಿನೇಟರ್ ಕೂಡುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಸ್ಥಿತಿ. ಪ್ಲೇಟಿನಲ್ಲಿ ಕಾಲೊನಿ ಬರದಿದ್ದಾಗ ಎರಡು ವಾರ ತುದಿ ಬೆಸೆಯುವ ಲೈಗೇಸ್ ಕಿಣ್ವವನ್ನು ಬೈಯುವ ಬದಲು ಮೊದಲ ದಿನವೇ ನಾಲ್ಕಕ್ಷರದ ತುದಿಗಳ ಪಟ್ಟಿಯನ್ನು ಎರಡೂ ಕಡೆಯಿಂದ ಬರೆಸಿಕೊಂಡು ಪಕ್ಕಪಕ್ಕ ಇಡಿ. ಹೆಸರು ಕೇಳಬೇಡಿ, ಅಕ್ಷರ ಕೇಳಿ. ತುಣುಕಿನ ಒಳಗೆ ಬಿಎಸ್‌ಎಐ ಗುರುತಾದ ಜಿಜಿಟಿಸಿಟಿಸಿ ಅಡಗಿದೆಯೇ ಎಂದು ಎರಡೂ ಎಳೆಗಳಲ್ಲಿ ಹುಡುಕಿ. ಉಲ್ಟಾ ಎಳೆಯಲ್ಲಿ ಅದು ಜಿಎಜಿಎಸಿಸಿ ಆಗಿ ಕಾಣುತ್ತದೆ, ಕಣ್ಣು ತಪ್ಪಿಸಿಕೊಳ್ಳುವುದು ಅಲ್ಲೇ.

ಎರಡೂ ತಂಡಗಳ ಪ್ಲಾಸ್ಮಿಡ್‌ಗಳನ್ನು ಒಂದೇ ಕೋಶದಲ್ಲಿ ಇರಿಸಬೇಕಾದರೆ ಇನ್ನೊಂದು ತೊಡಕು. ಎಲ್ಲರ ಬಳಿಯೂ ಇರುವ ಬೆನ್ನೆಲುಬು, ಅಂದರೆ ತುಣುಕನ್ನು ಹೊರುವ ಖಾಲಿ ಪ್ಲಾಸ್ಮಿಡ್, ಪಿಎಸ್‌ಬಿ1ಸಿ3: 2070 ಬೇಸ್, ಕ್ಲೋರಾಂಫೆನಿಕಾಲ್ ನಿರೋಧ, ಕೋಶಕ್ಕೆ ನೂರರಿಂದ ಮುನ್ನೂರು ಪ್ರತಿ. ಎರಡು ಪ್ಲಾಸ್ಮಿಡ್‌ಗಳಿಗೂ ಅದೇ ಬೆನ್ನೆಲುಬು ಇದ್ದರೆ ಒಂದು ಇನ್ನೊಂದನ್ನು ಹೊರಗೆ ತಳ್ಳುತ್ತದೆ, ಒಂದೇ ಆಂಟಿಬಯೋಟಿಕ್ ಆದ್ದರಿಂದ ಅದು ನಿಮಗೆ ಗೊತ್ತೂ ಆಗುವುದಿಲ್ಲ. ಪಿಯುಸಿ, ಪಿಎಂಬಿ1, ಕೋಲ್‌ಇ1 ಎಂದು ಬೇರೆ ಬೇರೆ ಹೆಸರಿದ್ದರೂ ಪ್ರತಿ ತೆಗೆಯುವ ಮೂಲ ಒಂದೇ ಕುಲದ್ದು. ಒಬ್ಬರು ಪಿ15ಎ ಅಥವಾ ಪಿಎಸ್‌ಸಿ101 ಮೂಲಕ್ಕೆ ಬದಲಾಗಬೇಕು, ಜೊತೆಗೆ ಕೆನಾಮೈಸಿನ್‌ನಂಥ ಬೇರೆ ನಿರೋಧ ಇರಬೇಕು. ಬದಲಾದ ಮೇಲೆ ಪ್ರತಿಗಳ ಸಂಖ್ಯೆ ಹತ್ತು ಪಟ್ಟೋ ಇಪ್ಪತ್ತು ಪಟ್ಟೋ ಇಳಿಯುತ್ತದೆ, ಹೊಳಪೂ ಇಳಿಯುತ್ತದೆ. ಅದು ದೋಷವಲ್ಲ, ಆದರೆ ಮೊದಲೇ ಹೇಳಿರಬೇಕು.

ತಳಿಯ ವಿಷಯದಲ್ಲಿ ಪದೇ ಪದೇ ಕಾಣುವ ಎಡವಟ್ಟು: ಟಿ7 ಪ್ರೊಮೋಟರ್ ಇರುವ ಪ್ಲಾಸ್ಮಿಡನ್ನು ಡಿಎಚ್5ಆಲ್ಫಾ ಎಂಬ ಇ. ಕೋಲಿ ತಳಿಗೆ ಹಾಕಿ ‘ನಿಮ್ಮ ಜೀನು ಕೆಲಸ ಮಾಡುತ್ತಿಲ್ಲ’ ಎಂದು ಮೇಲ್ ಬರೆಯುವುದು. ಡಿಎಚ್5ಆಲ್ಫಾದಲ್ಲಿ ಆ ಪ್ರೊಮೋಟರಿನಿಂದ ಓದು ಶುರುಮಾಡುವ ಟಿ7 ಪಾಲಿಮರೇಸೇ ಇಲ್ಲ, ಜೀನು ಕೆಲಸ ಮಾಡುವುದಾದರೂ ಹೇಗೆ? ಅದಕ್ಕೆ ಬಿಎಲ್21(ಡಿಇ3) ತಳಿ ಬೇಕು. ಅರಾಬಿನೋಸ್ ಸಕ್ಕರೆಯಿಂದ ಹಚ್ಚುವ ಪಿಬ್ಯಾಡ್ ಪ್ರೊಮೋಟರ್ ಇದ್ದರೆ ಇನ್ನೂ ಸೂಕ್ಷ್ಮ. ಎಂಜಿ1655 ತಳಿ ಆ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ, ಟಾಪ್10 ತಳಿ ತಿನ್ನಲಾರದು. ಒಂದೇ ಪ್ರಮಾಣ ಹಾಕಿದರೂ ಆರು ಗಂಟೆಯ ನಂತರದ ಚಿತ್ರ ಎರಡು ಬಗೆ. ಮಾಧ್ಯಮದಲ್ಲಿ ಗ್ಲೂಕೋಸ್ ಇದ್ದರಂತೂ ಪಿಬ್ಯಾಡ್ ಏಳುವುದೇ ಇಲ್ಲ.

ಕಾಗದಪತ್ರ

ಬೇಸರದ ಭಾಗ, ಆದರೆ ಕ್ಯಾಲೆಂಡರಿನಲ್ಲಿ ಹೆಚ್ಚು ಜಾಗ ತಿನ್ನುವುದೂ ಇದೇ. ವಸ್ತು ವರ್ಗಾವಣೆ ಒಪ್ಪಂದಕ್ಕೆ ವಿದ್ಯಾರ್ಥಿಗಳು ಸಹಿ ಹಾಕುವಂತಿಲ್ಲ. ಸಂಸ್ಥೆಯ ಕಚೇರಿ ಹಾಕಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ತುಣುಕು ಆಡ್‌ಜೀನ್ ಎಂಬ ಪ್ಲಾಸ್ಮಿಡ್ ಭಂಡಾರದಿಂದ ತರಿಸಿದ್ದಾದರೆ ಅದನ್ನು ಹಾಗೇ ಇನ್ನೊಂದು ಸಂಸ್ಥೆಗೆ ದಾಟಿಸುವ ಹಕ್ಕು ನಿಮಗೆ ಸಾಮಾನ್ಯವಾಗಿ ಇರುವುದಿಲ್ಲ. ಜೊತೆಗಾರರು ತಾವೇ ಅಲ್ಲಿಂದ ತರಿಸಿಕೊಳ್ಳಲಿ, ನೀವು ಮಾಡಿದ ಬದಲಾವಣೆಯ ಅನುಕ್ರಮ ಕಳಿಸಿ. 2018ರಲ್ಲಿ ಬಂದ ಓಪನ್ ಎಂಟಿಎ ಎಂಬ ಮುಕ್ತ ವರ್ಗಾವಣೆ ಒಪ್ಪಂದ ಮುಂದೆ ಹಂಚಲೂ ಬಳಸಲೂ ಬಿಡುತ್ತದೆ; ಎರಡೂ ಸಂಸ್ಥೆಗಳು ಒಪ್ಪಿದರೆ ಅದೇ ಸಲೀಸು.

ಭಾರತದಲ್ಲಿ ಕುಲಾಂತರಿ ಜೀವಿಗಳ ಬಗೆಗಿನ 1989ರ ನಿಯಮಗಳ ಪ್ರಕಾರ ಅಂಥ ಕೆಲಸ ಮಾಡುವ ಪ್ರತಿ ಸಂಸ್ಥೆಗೂ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಏನನ್ನಾದರೂ ತರಿಸುವ, ಕಳಿಸುವ ಮೊದಲು ತಟ್ಟಬೇಕಾದ ಬಾಗಿಲು ಅದು. ಐಜೆಮ್‌ನಲ್ಲಿ ಬೇರೆಯೇ ಸುರಕ್ಷತಾ ನಮೂನೆಗಳಿವೆ. ಅನುಮತಿ ಪಟ್ಟಿಯಲ್ಲಿ ಇಲ್ಲದ ಜೀವಿಯನ್ನೋ ತುಣುಕನ್ನೋ ಜೊತೆಗಾರರಿಂದ ಪಡೆಯುವುದಾದರೆ, ಅವರು ಅನುಮತಿ ಪಡೆದಿದ್ದರೂ ನೀವು ನಿಮ್ಮ ಹೆಸರಿನಲ್ಲಿ ಮತ್ತೆ ಕೇಳಬೇಕು.

ಜೀವಂತ ಬ್ಯಾಕ್ಟೀರಿಯಾವನ್ನು ಕೊರಿಯರ್‌ನಲ್ಲಿ ಕಳಿಸುವ ಆಸೆ ಬಿಡಿ. ಕುಲಾಂತರಿ ಸೂಕ್ಷ್ಮಜೀವಿಗಳು ಸಾಗಣೆಯಲ್ಲಿ ಯುಎನ್ 3245 ಎಂಬ ಸಂಖ್ಯೆಯಡಿ ಬರುತ್ತವೆ, ಗ್ಲಿಸರಾಲ್ ಸ್ಟಾಕಿಗೆ ಬೇಕಾದ ಡ್ರೈ ಐಸ್ ಯುಎನ್ 1845. ಎರಡೂ ಅಪಾಯಕಾರಿ ಸರಕಿನ ಒಂಬತ್ತನೇ ವರ್ಗ. ಸುಂಕದ ಕಚೇರಿಯಲ್ಲಿ ನಾಲ್ಕು ದಿನ ನಿಂತರೆ ಐಸೂ ಇಲ್ಲ, ತಳಿಯೂ ಇಲ್ಲ. ಬರಿಯ ಡಿಎನ್‌ಎಗೆ ಈ ಯಾವ ಗೋಜೂ ಇಲ್ಲ, ಕಾಗದದ ಮೇಲೆ ಒಣಗಿಸಿದರೆ ಸಾಮಾನ್ಯ ಲಕೋಟೆಯಲ್ಲಿ ಹೋಗುತ್ತದೆ.

ಚುಕ್ಕೆ ಇಡುವುದು, ಚುಕ್ಕೆ ಎತ್ತುವುದು

ಒಳ್ಳೆಯ ಮಿನಿಪ್ರೆಪ್ ಮಾಡಿ, ಅಂದರೆ ಕೋಶಗಳಿಂದ ಪ್ಲಾಸ್ಮಿಡ್ ಬೇರ್ಪಡಿಸಿ; ಮೈಕ್ರೋಲೀಟರಿಗೆ 200 ನ್ಯಾನೋಗ್ರಾಮ್ ಆಸುಪಾಸು ಇರಲಿ. ತಳಿ ಡಿಎಚ್5ಆಲ್ಫಾದಂತೆ ಎಂಡ್‌ಎ ಎಂಬ ನ್ಯೂಕ್ಲಿಯೇಸ್ (ಡಿಎನ್‌ಎ ಕಡಿಯುವ ಕಿಣ್ವ) ಇಲ್ಲದ್ದಾಗಿರಲಿ. ಬಿಎಲ್21ರಿಂದ ತೆಗೆದ ಡಿಎನ್‌ಎಯಲ್ಲಿ ಉಳಿದ ನ್ಯೂಕ್ಲಿಯೇಸ್ ದಾರಿಯುದ್ದಕ್ಕೂ ಕಚ್ಚುತ್ತಿರುತ್ತದೆ. ದಪ್ಪ ಫಿಲ್ಟರ್ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ 8 ಮಿಲಿಮೀಟರ್ ವೃತ್ತ ಬರೆಯಿರಿ, ಪೆನ್ನು ಬೇಡ, ಶಾಯಿ ಹರಡಿಕೊಳ್ಳುತ್ತದೆ. ವೃತ್ತದ ನಡುವೆ 5 ಮೈಕ್ರೋಲೀಟರ್ ಇಡಿ, ಅಂದರೆ ಸುಮಾರು 1 ಮೈಕ್ರೋಗ್ರಾಮ್. ಪ್ರತಿ ಪ್ಲಾಸ್ಮಿಡ್‌ಗೆ ಮೂರು ಚುಕ್ಕೆ. ಒಂದು ಗಂಟೆ ಹುಡ್‌ನಲ್ಲಿ ಒಣಗಲಿ. ನಂತರ ಒಂದು ಪ್ಲಾಸ್ಮಿಡ್‌ಗೆ ಒಂದು ಜಿಪ್ ಚೀಲ, ಒಳಗೆ ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣ. ಮಳೆಗಾಲದಲ್ಲಿ ಮಂಗಳೂರಿನ ಕಡೆಯಿಂದ ಕಳಿಸುವವರು ಎರಡು ಪೊಟ್ಟಣ ಹಾಕಿದರೂ ಹೆಚ್ಚಲ್ಲ.

ಎಲ್ಲ ಚುಕ್ಕೆಗಳನ್ನೂ ಒಂದೇ ಹಾಳೆಯ ಮೇಲಿಟ್ಟು ಕಳಿಸುವುದು ನೋಡಲು ಚೆಂದ, ಫಲಿತಾಂಶಕ್ಕೆ ವಿಷ. ಕೆಲವು ಪಿಕೋಗ್ರಾಮ್ ಪ್ಲಾಸ್ಮಿಡ್ ಸಾಕು ಕಾಲೊನಿ ಬರಲು. ಕತ್ತರಿಯನ್ನು ಎಥನಾಲ್‌ನಿಂದ ಒರೆಸಿದರೆ ಡಿಎನ್‌ಎ ಹೋಗುವುದಿಲ್ಲ. ಬ್ಲೀಚ್‌ನಿಂದ ಒರೆಸಿ ನೀರಿನಲ್ಲಿ ತೊಳೆಯಬೇಕು, ಇಲ್ಲವೇ ಚುಕ್ಕೆಗೊಂದು ಹೊಸ ಬ್ಲೇಡ್. ಲಕೋಟೆಯಲ್ಲಿ ಒಂದು ಪತ್ರ ಇರಲಿ: ಸಂಶೋಧನೆಗಾಗಿ ಒಣಗಿಸಿದ ಪ್ಲಾಸ್ಮಿಡ್ ಡಿಎನ್‌ಎ, ಸೋಂಕುಕಾರಕವಲ್ಲ, ಜೀವಂತ ಜೀವಿ ಇಲ್ಲ. ಮೌಲ್ಯದ ಕಡೆ ಸೊನ್ನೆ ಬರೆಯದೆ ಚಿಕ್ಕದೊಂದು ಮೊತ್ತ ಬರೆಯಿರಿ, ಸೊನ್ನೆಯನ್ನು ಕಂಡರೆ ಸುಂಕದವರಿಗೆ ಅನುಮಾನ.

ಇದರ ಜೊತೆ ಎರಡು ಹೆಚ್ಚುವರಿ ಚುಕ್ಕೆ ಕಳಿಸುವುದನ್ನು ನಾನು ಕಡ್ಡಾಯ ಮಾಡುತ್ತೇನೆ. ಒಂದು ಜೆ04450, ಕೆಂಪು ಪ್ರೊಟೀನಿನ ತುಣುಕು. ಒಂದು ದಿನ ಬೆಳೆದರೆ ಕಾಲೊನಿ ಬರಿಗಣ್ಣಿಗೇ ಕೆಂಪಗೆ ಕಾಣುತ್ತದೆ. ಇನ್ನೊಂದು ಜೆ23101 ಪ್ರೊಮೋಟರ್ ಇರುವ ಜಿಎಫ್‌ಪಿ. ಇವು ಯಾಕೆ ಎಂಬುದು ಮುಂದೆ ಬರುತ್ತದೆ. ಇದರ ಮೇಲೆ ಬೆನ್ನೆಲುಬು ಸಮೇತ ಇಡೀ ಪ್ಲಾಸ್ಮಿಡ್‌ನ ಅನುಕ್ರಮದ ಫೈಲು, ಸೀಕ್ವೆನ್ಸಿಂಗ್‌ನ ಮೂಲ ಕಡತ, ಯಾವ ಆಂಟಿಬಯೋಟಿಕ್ ಎಷ್ಟು ಎಂಬ ಸಾಲು. ‘ಕ್ಯಾಮ್’ ಎಂದಷ್ಟೇ ಬರೆಯಬೇಡಿ. ಕ್ಲೋರಾಂಫೆನಿಕಾಲ್, ಮಿಲಿಲೀಟರಿಗೆ 25 ಮೈಕ್ರೋಗ್ರಾಮ್, ಸ್ಟಾಕು ಎಥನಾಲ್‌ನಲ್ಲಿ ಎಂದು ಪೂರ್ತಿ ಬರೆಯಿರಿ.

ಪಡೆದವರು ಚುಕ್ಕೆಯನ್ನು ಕತ್ತರಿಸಿ 50 ಮೈಕ್ರೋಲೀಟರ್ ಟ್ರಿಸ್‌ನಲ್ಲಿ, 10 ಮಿಲಿಮೋಲಾರ್, ಪಿಎಚ್ 8.5, ಐದು ನಿಮಿಷ ನೆನೆಸಿ, ವೋರ್ಟೆಕ್ಸ್ ಮಾಡಿ, ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ಇಳಿಸಬೇಕು. ಟಿಇ ಬಫರ್ ಬಳಸಿದರೂ ಟ್ರಾನ್ಸ್‌ಫಾರ್ಮೇಷನ್, ಅಂದರೆ ಕೋಶದೊಳಗೆ ಪ್ಲಾಸ್ಮಿಡ್ ಸೇರುವುದು, ಆಗುತ್ತದೆ, ಆದರೆ ಅದರ ಇಡಿಟಿಎ ಮೆಗ್ನೀಸಿಯಮ್ ಹಿಡಿದುಕೊಂಡು ಆಮೇಲಿನ ಪಿಸಿಆರ್‌ಗೆ ತೊಂದರೆ ಕೊಡಬಹುದು. ಮೇಲಿನ ದ್ರವದಿಂದ 5 ಮೈಕ್ರೋಲೀಟರ್ ತೆಗೆದು 50 ಮೈಕ್ರೋಲೀಟರ್ ಕಾಂಪಿಟೆಂಟ್ (ಡಿಎನ್‌ಎ ಒಳಗೆಳೆಯಲು ಸಜ್ಜಾದ) ಕೋಶಗಳಿಗೆ. ಐಸ್ ಮೇಲೆ 30 ನಿಮಿಷ, 42 ಡಿಗ್ರಿಯಲ್ಲಿ 45 ಸೆಕೆಂಡ್, ಮತ್ತೆ ಐಸ್ ಮೇಲೆ 2 ನಿಮಿಷ, 950 ಮೈಕ್ರೋಲೀಟರ್ ಎಸ್‌ಒಸಿ ಮಾಧ್ಯಮ, 37 ಡಿಗ್ರಿಯಲ್ಲಿ ಅಲುಗಾಡಿಸುತ್ತ ಒಂದು ಗಂಟೆ. ಆಂಪಿಸಿಲಿನ್ ಆಗಿದ್ದರೆ ಆ ಒಂದು ಗಂಟೆಯನ್ನು ಮೊಟಕು ಮಾಡಿದರೂ ನಡೆಯುತ್ತದೆ. ಕ್ಲೋರಾಂಫೆನಿಕಾಲ್, ಕೆನಾಮೈಸಿನ್‌ಗೆ ನಡೆಯುವುದಿಲ್ಲ, ನಿರೋಧದ ಪ್ರೊಟೀನು ತಯಾರಾಗಲು ಹೊತ್ತು ಬೇಕು. 100 ಮೈಕ್ರೋಲೀಟರ್ ಒಂದು ಪ್ಲೇಟಿಗೆ, ಉಳಿದದ್ದನ್ನು ಇಳಿಸಿ ಗಟ್ಟಿ ಮಾಡಿ ಇನ್ನೊಂದು ಪ್ಲೇಟಿಗೆ.

ಅದೇ ದಿನ ಇನ್ನೂ ಮೂರು ಪ್ಲೇಟ್: ಕೆಂಪು ಚುಕ್ಕೆ, ನಿಮ್ಮದೇ ಫ್ರೀಜ಼ರಿನ ಯಾವುದಾದರೂ ಖಚಿತ ಪ್ಲಾಸ್ಮಿಡ್, ಡಿಎನ್‌ಎ ಇಲ್ಲದ ಕೋಶ. ಮರುದಿನ ಓದುವುದು ಸುಲಭ. ನಿಮ್ಮದೇ ಪ್ಲಾಸ್ಮಿಡ್ ಬಾರದಿದ್ದರೆ ಕೋಶಗಳು ಸತ್ತಿವೆ, ಜೊತೆಗಾರರಿಗೆ ಮೇಲ್ ಬೇಡ. ನಿಮ್ಮದು ಬಂದು ಕೆಂಪು ಬಾರದಿದ್ದರೆ ಲಕೋಟೆಯೇ ನೆನೆದಿದೆ. ಕೆಂಪು ಬಂದು ಅವರ ಪ್ಲಾಸ್ಮಿಡ್ ಬಾರದಿದ್ದರೆ ಅವರ ಮಿನಿಪ್ರೆಪ್‌ನಲ್ಲೋ ಆಂಟಿಬಯೋಟಿಕ್‌ನ ಮಾಹಿತಿಯಲ್ಲೋ ಗೋಲ್‌ಮಾಲ್. ಡಿಎನ್‌ಎ ಇಲ್ಲದ ಪ್ಲೇಟಿನಲ್ಲೂ ಕಾಲೊನಿ ಬಂದರೆ ಆಂಟಿಬಯೋಟಿಕ್ ಕೆಲಸ ಮಾಡುತ್ತಿಲ್ಲ, ಬಿಸಿ ಅಗಾರ್‌ಗೆ ಸುರಿದಿರಬೇಕು ಅಥವಾ ಸ್ಟಾಕು ಹಳತು. ಎರಡು ಕಾಲೊನಿ ಬೆಳೆಸಿ ಇಕೋಆರ್‌ಐ, ಪಿಎಸ್‌ಟಿಐ ಇಂದ ಕತ್ತರಿಸಿ ಜೆಲ್ ಓಡಿಸಿ. 2070ರ ಪಟ್ಟಿ ಮತ್ತು ಹೇಳಿದ ಉದ್ದದ ಇನ್ನೊಂದು ಪಟ್ಟಿ ಕಂಡ ಮೇಲೆ ಮಾತ್ರ ಅಳತೆಗೆ ಕೈ ಹಾಕಿ.

ಅಳತೆ

ಅವರ ಪ್ಲೇಟ್ ರೀಡರ್ 14,000 ಎನ್ನುತ್ತದೆ, ನಿಮ್ಮದು 900 ಎನ್ನುತ್ತದೆ. ಒಬ್ಬರ ಸೇರು ಇನ್ನೊಬ್ಬರ ಸೇರಲ್ಲ. ಕೋಶಗಳ ದಟ್ಟಣೆ ಹೇಳುವ ಒಡಿ 600ರ ಕಥೆಯೂ ಅದೇ: 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ 0.5 ಬಂದ ದ್ರವ 96 ಗುಳಿಯ ಪ್ಲೇಟಿನಲ್ಲಿ ಅದರ ಅರ್ಧಕ್ಕೂ ಕಡಿಮೆ ತೋರಿಸಬಹುದು, ಯಾಕೆಂದರೆ ಬೆಳಕು ದಾಟುವ ದ್ರವದ ಎತ್ತರ ಕಡಿಮೆ.

ಹಲವು ಲ್ಯಾಬ್‌ಗಳು ಒಂದೇ ಅಳತೆ ಮಾಡಿ ಹೋಲಿಸುವ ಐಜೆಮ್‌ನ ಇಂಟರ್‌ಲ್ಯಾಬ್ ಅಧ್ಯಯನಗಳು 2014ರಿಂದ ಇದನ್ನೇ ಕೆದಕಿದವು. 2018ರ ಸುತ್ತಿನಲ್ಲಿ 244 ಲ್ಯಾಬ್‌ಗಳು ಕೋಶಗಳನ್ನು ಎಣಿಸುವ ಮೂರು ದಾರಿಗಳನ್ನು ಹೋಲಿಸಿದವು: ಲುಡಾಕ್ಸ್ ಎಂಬ ದ್ರವದ ಒಂದೇ ಓದು, ಸಿಲಿಕಾ ಮಣಿಗಳ ಸರಣಿ, ಪ್ಲೇಟಿನ ಮೇಲೆ ಕಾಲೊನಿ ಎಣಿಕೆ. ಗೆದ್ದದ್ದು ಮಣಿಗಳು. 95.5% ಓದುಗಳು ಸರಿಯಾದ ಗೆರೆಯಿಂದ 1.2 ಪಟ್ಟಿನೊಳಗೇ ಇದ್ದವು, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರಿನ ಅಂಕಿಗೂ ಪ್ಲೇಟ್ ರೀಡರಿನ ಅಂಕಿಗೂ ಸರಾಸರಿ ವ್ಯತ್ಯಾಸ 1.07 ಪಟ್ಟು ಮಾತ್ರ. ವಿದ್ಯಾರ್ಥಿಗಳ ಕೈಯಿಂದ ಬಂದ ದತ್ತಾಂಶ ಇದು ಎಂಬುದನ್ನು ಮರೆಯಬಾರದು. ಐಜೆಮ್‌ನಿಂದ ವಿಜ್ಞಾನಕ್ಕೆ ಆದ ದೊಡ್ಡ ಉಪಕಾರ ಯಾವ ಪದಕ ಗೆದ್ದ ಯೋಜನೆಗಿಂತಲೂ ಈ ಸಪ್ಪೆ ಕೆಲಸವೇ ಎಂದು ನನ್ನ ಎಣಿಕೆ.

ಮಾಡುವ ಬಗೆ ಹೀಗೆ. ಮಣಿಗಳ ವ್ಯಾಸ ಸುಮಾರು 1 ಮೈಕ್ರಾನ್, ಹೆಚ್ಚುಕಡಿಮೆ ಬ್ಯಾಕ್ಟೀರಿಯಾದಷ್ಟೇ. ಸಾಲಿನ ಮೊದಲ ಗುಳಿಗೆ 200 ಮೈಕ್ರೋಲೀಟರ್ ಮಣಿ, ಉಳಿದವಕ್ಕೆ 100 ಮೈಕ್ರೋಲೀಟರ್ ನೀರು. ಮೊದಲನೆಯದರಿಂದ 100 ತೆಗೆದು ಎರಡನೆಯದಕ್ಕೆ, ಮೂರು ಸಲ ಎಳೆದು ಬಿಟ್ಟು ಕಲಸಿ ಅಲ್ಲಿಂದ 100 ಮೂರನೆಯದಕ್ಕೆ, ಹೀಗೆ ಹನ್ನೊಂದರವರೆಗೆ. ಹನ್ನೊಂದರಿಂದ ತೆಗೆದ 100 ಚೆಲ್ಲಿ, ಹನ್ನೆರಡು ಖಾಲಿ ನೀರು. ನಾಲ್ಕು ಸಾಲು. ಹಸಿರು ಹೊಳೆಯುವ ಬಣ್ಣವಾದ ಫ್ಲುರೊಸೀನ್‌ಗೂ ಇದೇ ಕ್ರಮ, ನೀರಿನ ಬದಲು ಪಿಬಿಎಸ್ ಬಫರ್, ಶುರು 10 ಮೈಕ್ರೋಮೋಲಾರ್. ಮೊದಲ ಗುಳಿಯಲ್ಲಿ ಉಳಿಯುವ 100 ಮೈಕ್ರೋಲೀಟರಿನಲ್ಲಿ 1 ನ್ಯಾನೋಮೋಲ್ ಇರುತ್ತದೆ, ಎಣಿಕೆಯಲ್ಲಿ ಹೇಳುವುದಾದರೆ 6.02 ಗುಣಿಸು 10ರ ಘಾತ 14 ಅಣುಗಳು. ಎರಡೂ ಗೆರೆ ಸಿಕ್ಕ ಮೇಲೆ ಹೊಳಪನ್ನು ‘ಕೋಶವೊಂದಕ್ಕೆ ಎಷ್ಟು ಫ್ಲುರೊಸೀನ್ ಅಣುಗಳಿಗೆ ಸಮ’ ಎಂದು ಬರೆಯಬಹುದು, ಆ ಅಂಕಿ ಬೆಂಗಳೂರಿನಲ್ಲೂ ಪ್ಯಾರಿಸಿನಲ್ಲೂ ಒಂದೇ ಅರ್ಥ ಕೊಡುತ್ತದೆ.

ಕೆಡುವ ಜಾಗಗಳು. ಮಣಿಗಳು ಬೇಗ ತಳ ಸೇರುತ್ತವೆ. ಬಾಟಲಿಯನ್ನು 30 ಸೆಕೆಂಡ್ ವೋರ್ಟೆಕ್ಸ್ ಮಾಡದೆ ತೆಗೆದರೆ ಇಡೀ ಸರಣಿ ಸುಳ್ಳು, ಪ್ಲೇಟ್ ಹತ್ತು ನಿಮಿಷ ಬೆಂಚಿನ ಮೇಲೆ ಕೂತರೂ ಅಷ್ಟೇ. ಲಾಗ್ ಅಕ್ಷದಲ್ಲಿ ಗೆರೆ ನೇರವಾಗಿರಬೇಕು: ಮೇಲಿನ ತುದಿ ಚಪ್ಪಟೆಯಾದರೆ ಯಂತ್ರದ ಕಣ್ಣು ತುಂಬಿದೆ, ಕೆಳಗಿನ ತುದಿ ಬಾಗಿದರೆ ಪಿಪೆಟ್ ತುದಿಯಲ್ಲಿ ದ್ರವ ಉಳಿದು ಮುಂದಕ್ಕೆ ಹೋಗಿದೆ ಅಥವಾ ಖಾಲಿ ಗುಳಿಯ ಓದನ್ನು ಸರಿಯಾಗಿ ಕಳೆದಿಲ್ಲ. ಫ್ಲುರೊಸೀನ್ ಆಮ್ಲದಲ್ಲಿ ಮಂಕಾಗುತ್ತದೆ, ಪಿಬಿಎಸ್‌ನ ಪಿಎಚ್ 7.4 ಇದೆಯೇ ನೋಡಿ. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಯಂತ್ರ ತಾನೇ ಬದಲಿಸಿಕೊಳ್ಳುವ ವರ್ಧನೆ, ಅಂದರೆ ‘ಆಟೋ’ ಗೇನ್. ಮಾನದಂಡ ಓದಿದಾಗ ಇದ್ದ ಗೇನೇ ಕೋಶ ಓದುವಾಗಲೂ ಇರಬೇಕು. ಆಟೋ ಬಿಟ್ಟರೆ ಯಂತ್ರ ಪ್ರತಿ ಸಲ ಹೊಸ ಸೇರು ಹಿಡಿದು ಅಳೆಯುತ್ತದೆ. ತಾಪಮಾನ, ಮೇಲಿನಿಂದ ಓದುವುದೋ ಕೆಳಗಿನಿಂದಲೋ, ಪ್ಲೇಟಿನ ಬಣ್ಣ, ಮುಚ್ಚಳ ಇದೆಯೋ ಇಲ್ಲವೋ, ಇವೂ ಬದಲಾಗಬಾರದು.

ಕೋಶಗಳ ಕಡೆ: ಎರಡು ಕಾಲೊನಿ, ರಾತ್ರಿ ಬೆಳೆಸಿ, ಬೆಳಗ್ಗೆ ಒಡಿ 0.02ಕ್ಕೆ ಇಳಿಸಿ 50 ಮಿಲಿ ಟ್ಯೂಬಿನಲ್ಲಿ 12 ಮಿಲಿ. ಟ್ಯೂಬನ್ನು ತುಂಬಿಸಬೇಡಿ, ಜಿಎಫ್‌ಪಿ ಹಣ್ಣಾಗಲು ಆಮ್ಲಜನಕ ಬೇಕು. ಸೊನ್ನೆ ಗಂಟೆಯಲ್ಲಿ ಒಂದು ಸಲ, ಆರನೇ ಗಂಟೆಯಲ್ಲಿ ಒಂದು ಸಲ 500 ಮೈಕ್ರೋಲೀಟರ್ ತೆಗೆದು ಐಸ್ ಮೇಲೆ ಇಡಿ, ಪ್ರತಿಯೊಂದಕ್ಕೂ ನಾಲ್ಕು ಗುಳಿ. ಜಿಎಫ್‌ಪಿ ಇಲ್ಲದ ಪ್ಲಾಸ್ಮಿಡ್ ಹೊತ್ತ ಕೋಶಗಳೂ ಪ್ಲೇಟಿನಲ್ಲಿರಲಿ. ಬೆಳೆಸುವ ಎಲ್‌ಬಿ ಮಾಧ್ಯಮ ತಾನೇ ಸ್ವಲ್ಪ ಹಸಿರು ಹೊಳೆಯುತ್ತದೆ, ಕೋಶವೂ ಹೊಳೆಯುತ್ತದೆ. ದುರ್ಬಲ ಪ್ರೊಮೋಟರಿನ ಇಡೀ ‘ಫಲಿತಾಂಶ’ ಬರಿಯ ಎಲ್‌ಬಿಯೇ ಆಗಿರುವುದುಂಟು.

ಜೆ23101 ಚುಕ್ಕೆ ಕೆಲಸಕ್ಕೆ ಬರುವುದು ಇಲ್ಲಿ. ಬರ್ಕ್ಲಿಯ ಆ್ಯಂಡರ್ಸನ್ ಕಟ್ಟಿದ ಪ್ರೊಮೋಟರ್ ಕುಟುಂಬದಲ್ಲಿ ಜೆ23100ಕ್ಕೆ 1 ಅಂದರೆ ಜೆ23101ಕ್ಕೆ 0.70, ಜೆ23106ಕ್ಕೆ 0.47, ಜೆ23117ಕ್ಕೆ 0.06. ಹೊಸ ಪ್ರೊಮೋಟರನ್ನು ಅದೇ ಪ್ಲೇಟಿನ ಜೆ23101ರಿಂದ ಭಾಗಿಸಿ ಬರೆದರೆ ಯಂತ್ರ ಮತ್ತು ಪರಿಸ್ಥಿತಿಯಿಂದ ಬರುವ ವ್ಯತ್ಯಾಸ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು 2009ರಲ್ಲೇ ತೋರಿಸಿದ್ದಾರೆ. ಮಣಿ ಕೊಳ್ಳಲು ದುಡ್ಡಿಲ್ಲದ ತಂಡಕ್ಕೆ ಇದೇ ಆಸರೆ. ಎರಡು ಲ್ಯಾಬಿನ ಜೆ23101ಗಳೇ ಐದು ಪಟ್ಟು ಬೇರೆ ಬಂದರೆ ಹೊಸ ಪ್ರೊಮೋಟರಿನ ಬಗ್ಗೆ ಮಾತಾಡುವುದನ್ನು ನಿಲ್ಲಿಸಿ, ಮೊದಲು ಅದನ್ನು ಸರಿಮಾಡಿ.

ಚೀಲಗಳ ಮೇಲೆ ಹೆಸರಿನ ಬದಲು ಅಂಕಿ ಹಾಕಿ ಕಳಿಸಿದರೆ ಇನ್ನೂ ಒಳ್ಳೆಯದು, ಕೀಲಿ ಕಳಿಸಿದವರ ಬಳಿ ಇರಲಿ. ಯಾವುದು ಹೊಳೆಯಬೇಕು ಎಂದು ಗೊತ್ತಿರುವ ಕೈ ಎಡವಿದ ಗುಳಿಯನ್ನು ಬಿಟ್ಟುಬಿಡುವ ನೆಪ ಹುಡುಕುತ್ತದೆ.

ಪ್ರೋಟೋಕಾಲ್‌ನ ಮಾತುಗಳ ಬಗ್ಗೆಯೂ ಒಂದಿಷ್ಟು. ‘ಎಲ್‌ಬಿ’ ಎಂದರೆ ಮಿಲ್ಲರ್ ಆದರೆ ಲೀಟರಿಗೆ 10 ಗ್ರಾಮ್ ಉಪ್ಪು, ಲೆನಾಕ್ಸ್ ಆದರೆ 5. ‘5000 ಆರ್‌ಪಿಎಂ’ ಎಂದರೆ 8 ಸೆಂಟಿಮೀಟರ್ ರೋಟರಿನಲ್ಲಿ ಸುಮಾರು 2200 ಜಿ, 16 ಸೆಂಟಿಮೀಟರಿನದರಲ್ಲಿ ಅದರ ಎರಡರಷ್ಟು, ಜಿ ಬರೆಯಿರಿ. ‘ಓವರ್‌ನೈಟ್’ ಒಬ್ಬರಿಗೆ 14 ಗಂಟೆ, ಹಾಸ್ಟೆಲಿನಲ್ಲಿ ಮಲಗಿ ಏಳುವವರಿಗೆ 20. ಪ್ರೋಟೋಕಾಲನ್ನು ಕಳಿಸಿದವರು ವಿಡಿಯೊ ಕರೆಯಲ್ಲಿ ಸುಮ್ಮನೆ ಕೂತು, ಪಡೆದವರು ಅದನ್ನು ಗಟ್ಟಿಯಾಗಿ ಓದುತ್ತ ಖಾಲಿ ನೀರಿನಲ್ಲಿ ಒಮ್ಮೆ ಮಾಡಿ ನೋಡುವುದು ನಲವತ್ತು ನಿಮಿಷದ ಕೆಲಸ. ಅಷ್ಟು ಹೊತ್ತಿನಲ್ಲಿ ಬರೆಯದೇ ಬಿಟ್ಟದ್ದೆಲ್ಲ ಹೊರಗೆ ಬರುತ್ತದೆ.

ಒಂದು ತಂಡಕ್ಕೆ ಲ್ಯಾಬು ಇಲ್ಲದೆ ಗಣಿತ ಮಾತ್ರ ಇದ್ದರೆ ಅದೂ ಒಳ್ಳೆಯ ಜೋಡಿ, ಒಂದು ಷರತ್ತಿನ ಮೇಲೆ: ಮಾದರಿಯ ಊಹೆಯನ್ನು ದಿನಾಂಕ ಹಾಕಿ ಮೊದಲೇ ಕೊಡಬೇಕು, ದತ್ತಾಂಶ ಆಮೇಲೆ ತೆರೆಯಬೇಕು. ಗೆರೆಯನ್ನು ಚುಕ್ಕೆಗಳ ಮೇಲೆ ಹಾಯಿಸುವುದು ಯಾರಿಗೂ ಆಗುತ್ತದೆ. ಇಲ್ಲಿಯ ಸಾಮಾನ್ಯ ತಪ್ಪು ಜಿಎಫ್‌ಪಿಯ ಆಯಸ್ಸು. ಬಾಲವಿಲ್ಲದ ಜಿಎಫ್‌ಪಿ ಕರಗುವುದೇ ಇಲ್ಲ ಎನ್ನಬಹುದು, ಕೋಶ ವಿಭಜನೆಯಾದಂತೆ ತೆಳುವಾಗುತ್ತದೆ ಅಷ್ಟೆ. ಪ್ರೊಟೀನನ್ನು ಬೇಗ ಕರಗಿಸುವ ಎಲ್‌ವಿಎ ಬಾಲ ಇದ್ದರೆ ಸುಮಾರು 40 ನಿಮಿಷಕ್ಕೆ ಅರ್ಧ. ಯಾವ ಜಿಎಫ್‌ಪಿ ಎಂದು ಕೇಳದೆ ಕಟ್ಟಿದ ಸಮೀಕರಣ ಆರನೇ ಗಂಟೆಗೆ ಎಲ್ಲೋ ಇರುತ್ತದೆ.

ಯಾರು ಏನು ಮಾಡಿದರು ಎಂಬ ಪಟ್ಟಿಯನ್ನು ಅದೇ ವಾರ ಬರೆದಿಡಿ, ಅಕ್ಟೋಬರ್‌ನಲ್ಲಿ ನೆನಪು ಇರುವುದಿಲ್ಲ. ಎರಡೂ ಪುಟಗಳಲ್ಲಿ ಅದೇ ಕೋಷ್ಟಕ, ಕೆಟ್ಟ ಸುತ್ತಿನ ಅಂಕಿಗಳೂ ಸೇರಿ. ಜೊತೆಗಾರರಿಂದ ಬಂದ ತಳಿ ಮತ್ತು ಪ್ಲೇಟುಗಳನ್ನು ಇಟ್ಟುಕೊಳ್ಳುವುದೋ ಬೇಡವೋ ಎಂಬುದು ಒಪ್ಪಂದದಲ್ಲಿರುತ್ತದೆ. ಇಟ್ಟುಕೊಳ್ಳುವುದಾದರೆ 25% ಗ್ಲಿಸರಾಲ್‌ನಲ್ಲಿ ಮೈನಸ್ 80ರಲ್ಲಿ, ಟ್ಯೂಬಿನ ಮೇಲೆ ಕಳಿಸಿದ ತಂಡದ ಹೆಸರು, ವರ್ಷ, ಆಂಟಿಬಯೋಟಿಕ್ ಬರೆದು. ಬೇಡವಾದರೆ ಚೀಲದ ಬಾಯಿ ಸ್ವಲ್ಪ ಸಡಿಲ ಬಿಟ್ಟು 121 ಡಿಗ್ರಿಯಲ್ಲಿ 30 ನಿಮಿಷ ಆಟೋಕ್ಲೇವ್. ಬಿಗಿಯಾಗಿ ಕಟ್ಟಿದ ಚೀಲದ ಒಳಗೆ ಹಬೆ ಹೋಗುವುದಿಲ್ಲ, ನಡುವಿನ ಪ್ಲೇಟುಗಳಲ್ಲಿ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತದೆ.